ಗಡಿಯಿಂದ ಬಂದವರು ಮನೆ ಸೇರುವ ಬಗೆ

ಸೈನಿಕನೊಬ್ಬ ಸೇವೆ ಮುಗಿಸಿ ಊರಿಗೆ ಮರಳಿದರೆ ಅವನನ್ನು ಬರಮಾಡಿಕೊಳ್ಳುವ ಒಂದು ಸತ್ಸಂಪ್ರದಾಯ ನಮ್ಮ ಭಾಗದಲ್ಲಿ ಇತ್ತೀಚೆಗೆ ಬೆಳೆದಿದೆ. ರೈಲು ನಿಲ್ದಾಣದಿಂದ ತೆರೆದ ವಾಹನದಲ್ಲಿ ಮೆರವಣಿಗೆ, ಡೊಳ್ಳು, ತ್ರಿವರ್ಣ ಧ್ವಜ, ತಾಯಂದಿರ ಆರತಿ. ಮಠಮಾನ್ಯಗಳ ವೇದಿಕೆಗಳಲ್ಲಿಯೂ ಅಂಥವರಿಗೆ ಶಾಲು ಹೊದಿಸಿ ಫಲತಾಂಬೂಲ ನೀಡುವುದುಂಟು. ಇದು ಸ್ತುತ್ಯವಾದ ನಡೆ. ಆದರೆ ಮಾಲೆ ಬಾಡಿದ ಮರುದಿನ ಬೆಳಿಗ್ಗೆ ಐದಕ್ಕೆ ಎಚ್ಚರಗೊಂಡು, ಮಾಡಲು ಏನೂ ಕೆಲಸವಿಲ್ಲದೆ ಅಂಗಳದಲ್ಲಿ ಕುಳಿತ ಅದೇ ಮನುಷ್ಯನ ಗತಿಯನ್ನು ವಿಚಾರಿಸುವವರು ವಿರಳ. ಈ ಲೇಖನದ ಉದ್ದೇಶ ಆ ವಿಚಾರಣೆಯೇ.

ಮೊದಲು ವಯಸ್ಸಿನ ಲೆಕ್ಕವನ್ನು ನೋಡೋಣ. ಹದಿನೆಂಟು ಹತ್ತೊಂಬತ್ತರಲ್ಲಿ ಭೂಸೇನೆ ಸೇರಿದ ಸಾಮಾನ್ಯ ಸಿಪಾಯಿಯು ಹದಿನೈದರಿಂದ ಹದಿನೇಳು ವರ್ಷಗಳ ಸೇವೆ ಮುಗಿಸಿ, ಮೂವತ್ತೈದರ ಆಸುಪಾಸಿನಲ್ಲಿಯೇ ಮನೆಗೆ ಮರಳುತ್ತಾನೆ. ಪಿಂಚಣಿಗೆ ಕನಿಷ್ಠ 15 ವರ್ಷಗಳ ಸೇವೆ ಬೇಕು. ದೇಶದಲ್ಲಿ ಪ್ರತಿವರ್ಷ ಸುಮಾರು 60,000 ಮಂದಿ ಹೀಗೆ ನಿವೃತ್ತರಾಗುತ್ತಾರೆ. ಸರ್ಕಾರಿ ಶಾಲೆಯ ಶಿಕ್ಷಕರು ನಿವೃತ್ತರಾಗುವ ಹೊತ್ತಿಗೆ ಅವರ ಮಕ್ಕಳು ಕೆಲಸಕ್ಕೆ ಸೇರಿರುತ್ತಾರೆ. ಸೈನಿಕ ನಿವೃತ್ತನಾದಾಗ ಅವನ ಮಕ್ಕಳು ಪ್ರಾಥಮಿಕ ಶಾಲೆಯಲ್ಲಿರುತ್ತಾರೆ. ಆದ್ದರಿಂದ ‘ನಿವೃತ್ತಿ’ ಎಂಬ ಪದವೇ ಇಲ್ಲಿ ಸಲ್ಲದು. ಅದು ನಡುವಯಸ್ಸಿನಲ್ಲಿ ಬಂದೊದಗುವ ಎರಡನೆಯ ಹುಟ್ಟು.

ಈ ಎರಡನೆಯ ಹುಟ್ಟಿನಲ್ಲಿ ಅವನಿಗೆ ಮೊದಲು ಎದುರಾಗುವುದು ಅವನದೇ ಮನೆ. ವರ್ಷಕ್ಕೊಮ್ಮೆ ರಜೆಗೆ ಬರುವ ಅತಿಥಿಯಾಗಿದ್ದವನು ಈಗ ಯಜಮಾನನಾಗಿ ಬಂದಿದ್ದಾನೆ. ಹೊಲದ ಉಳುಮೆ, ಸಹಕಾರ ಸಂಘದ ಸಾಲ, ಮಕ್ಕಳ ಶಾಲೆ, ಬಂಧುಗಳ ಮದುವೆ ಎಲ್ಲವನ್ನೂ ಹದಿನೈದು ವರ್ಷ ಒಬ್ಬಳೇ ನಿಭಾಯಿಸಿದ ಗೃಹಿಣಿಗೆ ತನ್ನದೇ ಆದ ಒಂದು ಕ್ರಮ ಸಿದ್ಧಿಸಿದೆ. ಸೈನ್ಯದ ಶಿಸ್ತು ಆ ಕ್ರಮದೊಡನೆ ಘರ್ಷಿಸುತ್ತದೆ. ಅಪ್ಪನ ಆಜ್ಞೆಯ ಧ್ವನಿಗೆ ಮಕ್ಕಳು ಬೆದರುತ್ತಾರೆ. ಅವನ ಪಾಲಿನ ಹೊಲವನ್ನು ಇಷ್ಟು ಕಾಲ ಉತ್ತು ಬಿತ್ತಿದ ಅಣ್ಣತಮ್ಮಂದಿರ ಮನಸ್ಸಿನಲ್ಲಿ ಪಾಲಿನ ಪ್ರಶ್ನೆ ಏಳುತ್ತದೆ. ಇವುಗಳಲ್ಲಿ ಯಾರ ಅಪರಾಧವೂ ಇಲ್ಲ. ಆದರೂ ಮಠದ ಪಂಚಾಯಿತಿಗೆ ಬರುವ ಇಂಥ ಕುಟುಂಬಗಳ ವ್ಯಾಜ್ಯಗಳಲ್ಲಿ ನಾವು ಅಪರಾಧಿಯನ್ನೇ ಹುಡುಕುತ್ತೇವೆ.

ಎರಡನೆಯದು ಉದ್ಯೋಗ. ಕಾಗದದ ಮೇಲೆ ಅವಕಾಶಗಳು ಕಡಿಮೆಯಿಲ್ಲ. ಸೇವೆಯ ಕೊನೆಯ ಅವಧಿಯಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿಗಳಿವೆ. ಕರ್ನಾಟಕ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಮೀಸಲಾತಿ ಇದೆ. ಭೂಮಂಜೂರಾತಿ ನಿಯಮಗಳಲ್ಲಿಯೂ ಅವರಿಗೆ ಪಾಲಿದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಆದರೆ ಪುಸ್ತಕ ಮುಟ್ಟಿ ಹದಿನೈದು ವರ್ಷ ಕಳೆದವನು ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ತೇರ್ಗಡೆಯಾದರಷ್ಟೇ ಆ ಮೀಸಲಾತಿ ಅವನಿಗೆ ದಕ್ಕುತ್ತದೆ. ಆದಕಾರಣ ಬಹುಮಂದಿ ಬ್ಯಾಂಕಿನ ಬಾಗಿಲಲ್ಲಿ, ಕಾರ್ಖಾನೆಯ ದ್ವಾರದಲ್ಲಿ, ನಗರದ ವಸತಿ ಸಮುಚ್ಚಯಗಳಲ್ಲಿ ಕಾವಲುಗಾರರಾಗಿ ನಿಲ್ಲುತ್ತಾರೆ. ಕಾವಲು ಹೀನ ಕಾಯಕವಲ್ಲ. ಆದರೆ ಸೇತುವೆ ಕಟ್ಟುವುದನ್ನು, ರೇಡಿಯೋ ಸಂಪರ್ಕ ನಡೆಸುವುದನ್ನು, ಮೂವತ್ತು ಜನರ ತುಕಡಿಯನ್ನು ಹಿಮದಲ್ಲಿ ಜೋಪಾನ ಮಾಡುವುದನ್ನು ಬಲ್ಲವನ ವಿದ್ಯೆ ಅಲ್ಲಿ ವ್ಯರ್ಥವಾಗುತ್ತದೆ. ಕೈಯಲ್ಲಿ ಕಸುಬಿದ್ದೂ ನೆಲೆ ತಪ್ಪುವುದೆಂದರೆ ಏನೆಂಬುದು ಹರಿಹರದ ಜನತೆಗೆ ಹೊಸತಲ್ಲ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದಾಗ ಲೇತ್ ಯಂತ್ರದ ನಿಪುಣರು ನಡುವಯಸ್ಸಿನಲ್ಲಿ ಬೀದಿಗೆ ಬಂದುದನ್ನು ಈ ಊರು ಕಂಡಿದೆ.

ಈ ಹಾದಿಯನ್ನು ಯಶಸ್ವಿಯಾಗಿ ದಾಟಿದವರೂ ಇದ್ದಾರೆ. 1971ರ ಯುದ್ಧದಲ್ಲಿ ಪಾಲ್ಗೊಂಡಿದ್ದ ಕ್ಯಾಪ್ಟನ್ ಗೋಪಿನಾಥ್ ಅವರು ಇಪ್ಪತ್ತೆಂಟರ ಹರೆಯದಲ್ಲಿ ಸೇನೆ ತೊರೆದು, ಹಾಸನ ಜಿಲ್ಲೆಯ ಜಾವಗಲ್ ಬಳಿ ಗುಡಿಸಲು ಹಾಕಿಕೊಂಡು ಬೇಸಾಯಕ್ಕಿಳಿದರು. ಮುಂದೆ 2003ರಲ್ಲಿ ವಿಮಾನಯಾನ ಸಂಸ್ಥೆಯನ್ನೇ ಆರಂಭಿಸಿದರು. ಇಂಥ ಉದಾಹರಣೆ ಸ್ಫೂರ್ತಿ ನೀಡುತ್ತದೆ, ನಿಜ. ಆದರೆ ಅವರು ಅಧಿಕಾರಿಯಾಗಿದ್ದವರು. ಆ ಶಿಕ್ಷಣ, ಆ ಭಾಷೆ, ಆ ಸಂಪರ್ಕಗಳಿಲ್ಲದ ಸಿಪಾಯಿಯನ್ನು ಅವರೊಡನೆ ಹೋಲಿಸಿ ‘ನೀನೇಕೆ ಹಾಗಾಗಲಿಲ್ಲ’ ಎನ್ನುವುದು ನ್ಯಾಯವಲ್ಲ.

ಮೂರನೆಯದು ಮನಸ್ಸು. ಇಲ್ಲಿ ನನ್ನದೇ ಒಂದು ತಪ್ಪನ್ನು ಸದ್ಭಕ್ತರ ಮುಂದೆ ನಿವೇದಿಸಬೇಕಾಗಿದೆ. ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಪತಿಯನ್ನು ಕರೆದುಕೊಂಡು ಮಠದ ಕಚೇರಿಗೆ ಬಂದರು. ಉಕ್ಕಡಗಾತ್ರಿಗೆ ಯಾವ ದಿನ ಹೋದರೆ ಒಳ್ಳೆಯದೆಂದು ಕೇಳಿದರು. ಅಮಾವಾಸ್ಯೆಯಂದು ಜನಜಂಗುಳಿ ಹೆಚ್ಚು, ಬೇರೆ ದಿನ ಹೋಗಿರೆಂದು ಹೇಳಿ, ವಿಭೂತಿ ಪ್ರಸಾದ ಕೊಟ್ಟು ಕಳಿಸಿದೆ. ಮೆಟ್ಟಿಲಿಳಿಯುವಾಗ ಆಕೆ, “ಮಿಲಿಟರಿಯಿಂದ ಬಂದು ಎರಡು ವರ್ಷವಾಯಿತು ಬುದ್ಧಿ, ರಾತ್ರಿ ಮಲಗುವುದೇ ಇಲ್ಲ, ಬಾಗಿಲ ಹತ್ತಿರ ಕುಂತೇ ಇರತಾರೆ” ಎಂದರು. ನಾನು ಕೇಳಿಸಿಕೊಂಡೆ, ಮುಂದೆ ಏನನ್ನೂ ಕೇಳಲಿಲ್ಲ. ಆ ಕುಟುಂಬ ಮುಂದಿನ ಒಂದೂವರೆ ವರ್ಷ ಹತ್ತಾರು ಕಡೆ ಅಲೆದು, ಅರ್ಧ ಎಕರೆ ಮಾರಿಕೊಂಡು, ಕೊನೆಗೆ ಬಂಧುವೊಬ್ಬರ ಒತ್ತಾಯದಿಂದ ದಾವಣಗೆರೆಯ ಮನೋವೈದ್ಯರಲ್ಲಿಗೆ ಹೋಯಿತೆಂದು ತರುವಾಯ ತಿಳಿಯಿತು. ಅವರೀಗ ಔಷಧಿ ತೆಗೆದುಕೊಳ್ಳುತ್ತಾರೆ, ಮಲಗುತ್ತಾರೆ, ತೋಟಕ್ಕೆ ಹೋಗುತ್ತಾರೆ. ಪೂರ್ತಿ ಗುಣವಾಗಿದೆಯೆಂದು ಹೇಳಲಾರೆ. ನಾನು ಅಂದು ಇನ್ನೊಂದು ಪ್ರಶ್ನೆ ಕೇಳಿದ್ದರೆ ಆ ಒಂದೂವರೆ ವರ್ಷವೂ ಆ ಅರ್ಧ ಎಕರೆಯೂ ಉಳಿಯುತ್ತಿದ್ದವು.

ಉಕ್ಕಡಗಾತ್ರಿಯ ಮಹಿಮೆಯನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ತುಂಗಭದ್ರೆಯ ತಟದ ಶ್ರೀ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಮನಸ್ಸಿನ ನೆಮ್ಮದಿ ಕಳೆದುಕೊಂಡವರನ್ನು ಕರೆತರುವುದು ತಲೆಮಾರುಗಳಿಂದ ನಡೆದು ಬಂದಿದೆ. ಬೇರೆಡೆ ‘ಹುಚ್ಚ’ ಎನಿಸಿಕೊಂಡವನು ಅಲ್ಲಿ ನಾಚಿಕೆಯಿಲ್ಲದೆ ಕೂರಬಲ್ಲ. ಅವನ ಮನೆಯವರು ತಮ್ಮಂಥದೇ ಕಷ್ಟದಲ್ಲಿರುವ ಇತರರನ್ನು ಕಾಣುತ್ತಾರೆ. ನದಿಯ ಸ್ನಾನ, ಪ್ರಸಾದ, ಕಾದು ಕೂರುವ ತಾಳ್ಮೆ ಇವೆಲ್ಲ ನೊಂದವರಿಗೆ ಆಸರೆ. ಇದನ್ನು ಹಗುರವಾಗಿ ಕಾಣುವವರು ಭಕ್ತಿಯನ್ನೂ ಅರಿಯರು, ಬಡತನವನ್ನೂ ಅರಿಯರು.

ಆದರೆ ಆಸರೆ ಬೇರೆ, ಚಿಕಿತ್ಸೆ ಬೇರೆ. ಯುದ್ಧಭೂಮಿಯ ಅನುಭವ ಮನಸ್ಸನ್ನು ಗಾಯಗೊಳಿಸುತ್ತದೆಂಬುದು ಜಗತ್ತು ಬಹಳ ನೋವುಂಡು ಕಲಿತ ಪಾಠ. ಮೊದಲನೆಯ ಮಹಾಯುದ್ಧದಲ್ಲಿ ನಡುಗುತ್ತಾ, ಮಾತು ಕಳೆದುಕೊಂಡು ಮರಳಿದ ಯೋಧರ ಸ್ಥಿತಿಗೆ 1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಶೆಲ್ ಶಾಕ್’ ಎಂಬ ಹೆಸರನ್ನು ವೈದ್ಯಕೀಯ ಬರಹದಲ್ಲಿ ಬಳಸಿದರು. ಅನೇಕರು ಅದನ್ನು ಹೇಡಿತನವೆಂದರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡನ್ನು ಕಂಡ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆಯನ್ನು ರೋಗಗಳ ಪಟ್ಟಿಗೆ ಸೇರಿಸಿದರು. ನಿದ್ರೆಗೇಡು, ಸದ್ದಿಗೆ ಬೆಚ್ಚುವುದು, ಕಂಡದ್ದೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಕಾರಣವಿಲ್ಲದ ಕೋಪ, ಆಪ್ತರಿಂದ ದೂರ ಸರಿಯುವುದು ಇದರ ಲಕ್ಷಣಗಳು. ಇವನ್ನೇ ನಮ್ಮ ಹಳ್ಳಿಗಳಲ್ಲಿ ಗಾಳಿ, ಸೋಕು ಎನ್ನುತ್ತಾರೆ. ಹೆಸರು ಬೇರೆಯಾದರೂ ನರಳುವವನು ಒಬ್ಬನೇ. ಮರಳಿದ ಸೈನಿಕರೆಲ್ಲರಿಗೂ ಹೀಗಾಗುತ್ತದೆಂದು ತಿಳಿಯಬಾರದು. ಬಹುಪಾಲು ಮಂದಿ ಕಾಲಕ್ರಮದಲ್ಲಿ ಹೊಂದಿಕೊಳ್ಳುತ್ತಾರೆ. ಹೊಂದಿಕೊಳ್ಳಲಾರದ ಕೆಲವರು ಮದ್ಯದ ಮೊರೆಹೋಗುತ್ತಾರೆ. ಆಗ ಊರು ಚಟವನ್ನು ಕಾಣುತ್ತದೆ, ಗಾಯವನ್ನು ಕಾಣುವುದಿಲ್ಲ.

ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ನಡೆದ ಬೆಂಕಿ ಅನಾಹುತವನ್ನು ಧಾರ್ಮಿಕ ಸಂಸ್ಥೆಗಳು ಮರೆಯುವಂತಿಲ್ಲ. ಸರಪಳಿಯಲ್ಲಿ ಬಂಧಿಸಲ್ಪಟ್ಟಿದ್ದ 25ಕ್ಕೂ ಹೆಚ್ಚು ಮನೋರೋಗಿಗಳು ಓಡಲಾರದೆ ಬೆಂದುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಿಂದ ಬಿಗಿಯುವುದನ್ನು ಸಂಪೂರ್ಣ ನಿಷೇಧಿಸಿದೆ. ಚಿಕಿತ್ಸೆ ದೂರದಲ್ಲಿಯೂ ಇಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಮನೋರೋಗಕ್ಕೆ ಮದ್ದು ಕೊಡಬಹುದೆಂದು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ತೋರಿಸಿದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲುರಾತ್ರಿ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಗದ್ದುಗೆಗೆ ಹೋಗುವವರು ಅವಶ್ಯ ಹೋಗಲಿ, ವೈದ್ಯರಲ್ಲಿಗೂ ಹೋಗಲಿ. ಅಜ್ಜಯ್ಯನ ಭಕ್ತಿಗೆ ಮಾತ್ರೆಯಿಂದ ಊನವಿಲ್ಲ.

ಈ ವಿಷಯವನ್ನು ಈಗಲೇ ಎತ್ತಲು ಕಾರಣವಿದೆ. 2022ರ ಜೂನ್ 14ರಂದು ಘೋಷಿತವಾದ ಅಗ್ನಿಪಥ ಯೋಜನೆಯಡಿ ಸೇರಿದ ಮೊದಲ ತಂಡಗಳ ನಾಲ್ಕು ವರ್ಷದ ಅವಧಿ 2026ರ ಕೊನೆಯಿಂದ ಮುಗಿಯತೊಡಗುತ್ತದೆ. ಯೋಜನೆಯ ಮೂಲ ಸ್ವರೂಪದಂತೆ ಕಾಯಂ ಸೇವೆಗೆ ಉಳಿಯುವವರು ಶೇ 25ರವರೆಗೆ ಮಾತ್ರ. ಉಳಿದವರು ಸುಮಾರು ₹11.71 ಲಕ್ಷ ಸೇವಾನಿಧಿಯೊಂದಿಗೆ ಮರಳುತ್ತಾರೆ, ಪಿಂಚಣಿ ಇಲ್ಲ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿಯ ಭರವಸೆ ಇದೆ, ಆದರೆ ಅದು ಎಲ್ಲರಿಗೂ ಸಾಲದು. ಯೋಜನೆಯ ಗುಣದೋಷಗಳ ರಾಜಕೀಯ ಚರ್ಚೆ ಮಠದ ಕೆಲಸವಲ್ಲ. ನಮ್ಮ ಕಾಳಜಿ ಇಷ್ಟೇ: ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ ಒಂದಿಷ್ಟು ಹಣ ಹಿಡಿದು ಊರಿಗೆ ಬಂದಾಗ ಆ ಹಣ ಮೋಟಾರ್ ಬೈಕಿಗೆ, ಅಕ್ಕನ ಮದುವೆಗೆ, ಅಪ್ಪನ ಸಾಲಕ್ಕೆ ಮೊದಲ ವರ್ಷವೇ ಕರಗಿಹೋಗಬಾರದು. ಅವನನ್ನು ‘ಆಯ್ಕೆಯಾಗದೆ ಬಂದವನು’ ಎಂದು ಕೇರಿ ಹೀಗಳೆಯಬಾರದು.

ನಮ್ಮ ನಾಡು ವೀರಗಲ್ಲುಗಳ ನಾಡು. ತುರುಗಾಳಗದಲ್ಲಿ, ಊರಳಿವಿನಲ್ಲಿ ಮಡಿದವನಿಗೆ ಕಲ್ಲು ನಿಲ್ಲಿಸಿ ಪೂಜಿಸಿದ ಪರಂಪರೆ ನಮ್ಮದು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಡಿ ಆರು ದಿನ ಸಿಲುಕಿದ್ದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ನಾಡು ಪ್ರಾರ್ಥಿಸಿತು, ಅವರು ಅಗಲಿದಾಗ ಕಣ್ಣೀರಿಟ್ಟಿತು. ಅದೇ ಹಿಮದಲ್ಲಿ ಕಾವಲು ಕಾಯ್ದು ಜೀವಂತ ಮರಳಿದವರಿಗೆ ಮಾತ್ರ ನಮ್ಮಲ್ಲಿ ಕಲ್ಲೂ ಇಲ್ಲ, ಕಥೆಯೂ ಇಲ್ಲ.

ಈ ಕೊರತೆಗೆ ಶರಣರ ಬಾಳಿನಲ್ಲಿ ಉತ್ತರವಿದೆ. ಕಾಶ್ಮೀರದ ಅರಸನೊಬ್ಬ ಸಿಂಹಾಸನ ತೊರೆದು ಕಲ್ಯಾಣಕ್ಕೆ ಬಂದು, ಕಟ್ಟಿಗೆ ಮಾರುವ ಕಾಯಕ ಹಿಡಿದು ಮೋಳಿಗೆ ಮಾರಯ್ಯನಾದನೆಂಬುದು ಶರಣ ಪರಂಪರೆಯ ನಂಬಿಕೆ. ಆಯುಧ ಹಿಡಿದ ಕೈಗೆ ಕಟ್ಟಿಗೆಯ ಹೊರೆ ಬಂದಾಗ ಕಲ್ಯಾಣ ಅವನ ಹಿಂದಿನ ಪದವಿಯನ್ನು ಅಳೆಯಲಿಲ್ಲ, ಹೊಸ ಕಾಯಕವನ್ನು ಗೌರವಿಸಿತು. ಮುಖ್ಯವಾಗಿ, ಅವನು ಒಂಟಿಯಾಗಿರಲಿಲ್ಲ. ಪತ್ನಿ ಮಹಾದೇವಮ್ಮ ಜೊತೆಗಿದ್ದಳು, ಕುಳಿತು ಮಾತನಾಡಲು ಅನುಭವ ಮಂಟಪವಿತ್ತು. ಎರಡನೆಯ ಬದುಕಿಗೆ ಬೇಕಾದುದು ಈ ಮೂರೇ: ಗೌರವದ ಕಾಯಕ, ಅರಿತ ಮನೆ, ಆಲಿಸುವ ಸಭೆ.

ಹಾಗಾಗಿ ಮಠಗಳು ಮಾಡಬಹುದಾದ ಕೆಲವು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ಸುತ್ತಲಿನ ಊರುಗಳ ನಿವೃತ್ತ ಸೈನಿಕರ ಪಟ್ಟಿಯೊಂದು ಪ್ರತಿ ಮಠದಲ್ಲಿರಲಿ. ಪಿಂಚಣಿಯ ‘ಸ್ಪರ್ಶ್’ ಜಾಲತಾಣದಲ್ಲಿ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಸಲ್ಲಿಸಲು ಹಿರಿಯ ಯೋಧರಿಗೂ ವೀರಪತ್ನಿಯರಿಗೂ ನಮ್ಮ ವಿದ್ಯಾಸಂಸ್ಥೆಗಳ ಯುವಕರು ನೆರವಾಗಲಿ. ಮಠದ ಶಾಲೆಗಳಲ್ಲಿ ದೈಹಿಕ ಶಿಕ್ಷಣ, ವಸತಿನಿಲಯದ ಮೇಲ್ವಿಚಾರಣೆ, ದಾಸೋಹದ ಉಗ್ರಾಣ ಇಂಥ ಹೊಣೆಗಳಿಗೆ ಅವರನ್ನು ಕರೆಯೋಣ. ಜಾತ್ರೆಯ ಪಟಾಕಿಯ ಸಮಯವನ್ನು ಮೊದಲೇ ಊರಿಗೆ ತಿಳಿಸೋಣ. ಒಬ್ಬ ಯೋಧನ ನಿದ್ರೆಗಾಗಿ ಅಷ್ಟು ಮಾಡಬಹುದು. ಉಕ್ಕಡಗಾತ್ರಿಯ ದಾರಿ ಕೇಳಿ ಬಂದವರಿಗೆ ದಾರಿ ಹೇಳೋಣ, ಹೇಳುವ ಮುನ್ನ ಕೂರಿಸಿ, ನೀರು ಕೊಟ್ಟು, “ಏನಾಗಿದೆ, ಎಂದಿನಿಂದ?” ಎಂದು ಕೇಳೋಣ. ಅಂದು ನಾನು ಕೇಳದೆ ಬಿಟ್ಟ ಪ್ರಶ್ನೆ ಅದು. ಈಗ ನಮ್ಮ ಕಚೇರಿಯಲ್ಲಿ ಅದನ್ನು ಕೇಳದೆ ಯಾರನ್ನೂ ಕಳಿಸುವುದಿಲ್ಲ.

ಶರಣು ಶರಣಾರ್ಥಿ.