ಪ್ರಾರ್ಥನೆಗೆ ಪರವಾನಗಿ ಕೇಳಬೇಡಿ: ಹಕ್ಕೊತ್ತಾಯ ಪತ್ರ

ಇವರಿಗೆ: ಮಾನ್ಯ ಜಿಲ್ಲಾಧಿಕಾರಿಗಳು, ರಾಯಚೂರು, ಅವರ ಮೂಲಕ ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ

ಇವರಿಂದ: ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಕ್ರೈಸ್ತರು



ಇದೇ ಜಿಲ್ಲೆಯ ಮುದಗಲ್‌ನಲ್ಲಿ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿದ್ದಾರೆ. ಆದರೂ ನಿನ್ನೆ ಮೊನ್ನೆ ಬಂದವರೆಂಬಂತೆ ನಮ್ಮನ್ನು ವಿಚಾರಿಸಲಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ದಲಿತ ಕೇರಿಗಳ ಕೂಲಿಕಾರರು. ವಾರವಿಡೀ ಹತ್ತಿ ಬಿಡಿಸಿ, ಭತ್ತದ ನಾಟಿ ಮಾಡಿ ಬಂದ ಹೆಣ್ಣುಮಕ್ಕಳು ಭಾನುವಾರ ತಗಡಿನ ಶೆಡ್ಡಿನಲ್ಲಿ ಚಾಪೆ ಹಾಸಿ, ಡೋಲಕ್ ಬಾರಿಸಿ ಹಾಡುತ್ತಾರೆ. ಅಲ್ಲಿ ‘ಮತಾಂತರ ನಡೆದಿದೆ’ ಎಂದು ನಾಲ್ಕು ಮಂದಿ ಕೂಗಿದರೆ ಸಾಕು, ನುಗ್ಗಿದವರನ್ನು ಬಿಟ್ಟು ಪಾಸ್ಟರನ್ನೇ ಠಾಣೆಗೆ ಕರೆದೊಯ್ಯುವುದು ಈ ರಾಜ್ಯದ ರೂಢಿಯಾಗಿದೆ. 2021ರ ಜನವರಿಯಿಂದ ನವೆಂಬರ್‌ವರೆಗೆ ಕ್ರೈಸ್ತರ ಮೇಲಿನ ಇಂಥ 39 ಪ್ರಕರಣಗಳನ್ನು ಮಾನವ ಹಕ್ಕು ಸಂಘಟನೆ ಪಿಯುಸಿಎಲ್ ದಾಖಲಿಸಿತು. ಆ ವರ್ಷ ಮುಗಿಯುವ ಮೊದಲೇ ವಿಧಾನಸಭೆ ಮತಾಂತರ ನಿಷೇಧ ಮಸೂದೆಯನ್ನು ಅಂಗೀಕರಿಸಿತು. ಪೆಟ್ಟು ತಿಂದವರಿಗೆ ಸಿಕ್ಕ ಪರಿಹಾರ ಅದು!

ಪಾಕಿಸ್ತಾನದ ಜರಾನ್‌ವಾಲಾದಲ್ಲಿ 2023ರಲ್ಲಿ ಚರ್ಚುಗಳಿಗೆ ಬೆಂಕಿಯಿಟ್ಟದ್ದನ್ನು ಅನ್ಯಾಯ ಎನ್ನಲು ಇಲ್ಲಿ ಯಾರೂ ಹಿಂಜರಿಯುವುದಿಲ್ಲ. ಒಡಿಶಾದ ಕಂಧಮಾಲ್‌ನಲ್ಲಿ 2008ರಲ್ಲಿ ಕ್ರೈಸ್ತರ ಮೇಲೆ ನಡೆದ ಹಿಂಸೆಗೆ ಮಾತ್ರ ಕಾರಣ ಹುಡುಕುತ್ತಾರೆ. ಛತ್ತೀಸಗಢದ ಪಾಸ್ಟರೊಬ್ಬರ ಶವ ಊರವರ ವಿರೋಧದಿಂದ ಸ್ವಂತ ಊರಿನ ಮಣ್ಣಿಗಾಗಿ ಶವಾಗಾರದಲ್ಲಿ ಕಾಯಿತು, 2025ರ ಜನವರಿಯಲ್ಲಿ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು, ಕೊನೆಗೆ ಬೇರೆ ಊರಿನ ಸ್ಮಶಾನವೇ ಗತಿಯಾಯಿತು.

ಮನವಿ ಕೊಟ್ಟು ಸಾಕಾಗಿದೆ. ನಮಗೆ ಸಲ್ಲಬೇಕಾದವು ಇವು:

1. ಮನೆ, ಬಾಡಿಗೆ ಕೊಠಡಿ, ಶೆಡ್ಡುಗಳಲ್ಲಿ ನಡೆಯುವ ಪ್ರಾರ್ಥನೆಗೆ ಪೊಲೀಸರಾಗಲಿ ಪಂಚಾಯಿತಿಯಾಗಲಿ ಪರವಾನಗಿ ಕೇಳಕೂಡದೆಂದು ಎಲ್ಲ ಠಾಣೆಗಳಿಗೆ ಲಿಖಿತ ಸುತ್ತೋಲೆ ಹೊರಡಿಸಬೇಕು.

2. ಪ್ರಾರ್ಥನೆಗೆ ಅಡ್ಡಿಪಡಿಸಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಂ, ಶಿಲುಬೆ ಮುರಿದು ಬೈಬಲ್ ಹರಿದವರ ಮೇಲೆ 298ನೇ ಕಲಂ ಅಡಿ ಅದೇ ದಿನ ಎಫ್‌ಐಆರ್ ಆಗಬೇಕೇ ಹೊರತು ನಮ್ಮನ್ನು ಠಾಣೆಯಲ್ಲಿ ರಾಜಿಗೆ ಕೂರಿಸಬಾರದು.

3. ಗುಂಪು ಹಿಂಸೆ ತಡೆಗೆ ಪ್ರತಿ ಜಿಲ್ಲೆಯಲ್ಲೂ ನೋಡಲ್ ಅಧಿಕಾರಿ ಇರಬೇಕೆಂದು ಸುಪ್ರೀಂ ಕೋರ್ಟ್ 2018ರ ಜುಲೈ 17ರಂದು ಆದೇಶಿಸಿರುವುದರಿಂದ, ನಮ್ಮ ಜಿಲ್ಲೆಯ ಆ ಅಧಿಕಾರಿಯ ಹೆಸರು, ಫೋನ್ ನಂಬರನ್ನು ದೇವದುರ್ಗದ ದೊಡ್ಡಿಗಳವರೆಗೂ ಗೋಡೆಗೆ ಹಚ್ಚಬೇಕು.

4. ಪೆಟ್ಟು ತಿಂದವರ ಆಸ್ಪತ್ರೆ ಖರ್ಚನ್ನು ಸರ್ಕಾರ ಭರಿಸಬೇಕು.

5. ಮತಾಂತರ ನಿಷೇಧ ಕಾಯ್ದೆಯನ್ನು ರದ್ದುಪಡಿಸಲು 2023ರ ಜೂನ್ 15ರಂದು ಸಚಿವ ಸಂಪುಟ ಕೈಗೊಂಡ ತೀರ್ಮಾನವನ್ನು ಉಭಯ ಸದನಗಳಲ್ಲಿ ಅಂಗೀಕರಿಸಿ ಜಾರಿಗೆ ತರಬೇಕು.

6. ಆ ಕಾಯ್ದೆ ಜಾರಿಯಲ್ಲಿರುವಷ್ಟು ದಿನ, ಮತಾಂತರಗೊಂಡರೆನ್ನಲಾದವರ ಸ್ವಂತ ಹೇಳಿಕೆ ಪಡೆಯದೆ ನೆಂಟರು, ಸಹೋದ್ಯೋಗಿಗಳ ದೂರಿನ ಮೇಲಷ್ಟೇ ಯಾರನ್ನೂ ಬಂಧಿಸಬಾರದು.

7. ಕ್ರೈಸ್ತರ ಸ್ಮಶಾನವಿಲ್ಲದ ಪ್ರತಿ ಊರಿನಲ್ಲೂ ತಹಶೀಲ್ದಾರರು ಜಾಗ ಗುರುತಿಸಿ, ಅಳತೆ ಮಾಡಿಸಿ, ಪಹಣಿಯಲ್ಲಿ ದಾಖಲಿಸಿ ಕೊಡಬೇಕು.

8. ಚರ್ಚಿಗೆ ಹೋದವರಿಗೆ ಕೂಲಿ, ನೀರು, ಕಿರಾಣಿ ನಿಲ್ಲಿಸುವ ಊರುಗಳಿಗೆ ತಹಶೀಲ್ದಾರರು ಖುದ್ದು ಬಂದು ಬಹಿಷ್ಕಾರ ತೆರವುಗೊಳಿಸಬೇಕು.

9. ದೇವರು ಬದಲಾದರೂ ಕೇರಿ ಬದಲಾಗಿಲ್ಲವಾದ್ದರಿಂದ, ದಲಿತ ಕ್ರೈಸ್ತರನ್ನು ಹೊರಗಿಡುವ, 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಕಂಡಿಕೆಯನ್ನು ತೆಗೆದು ಅವರಿಗೂ ಪರಿಶಿಷ್ಟ ಜಾತಿ ಸ್ಥಾನಮಾನ ನೀಡುವಂತೆ ವಿಧಾನಮಂಡಲ ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಬೇಕು.

10. ನಂಬಿಕೆ ಬದಲಿಸುವ ಪ್ರಜೆ 30 ದಿನ ಮೊದಲೇ ಜಿಲ್ಲಾಧಿಕಾರಿಗಳಾದ ತಮ್ಮ ಕಚೇರಿಗೆ ತಿಳಿಸಬೇಕೆಂದು ಮತಾಂತರ ನಿಷೇಧ ಕಾಯ್ದೆ ಹೇಳುವುದರಿಂದ, ಈ ಪತ್ರಕ್ಕೂ ತಾವು 30 ದಿನದೊಳಗೆ ಅಂಶವಾರು ಲಿಖಿತ ಉತ್ತರ ಕೊಡಬೇಕು.