ಸಮಾಧಾನದ ಜೊತೆಗೊಂದು ಫಾರಂ

ಗಂಡನ ಕೈಯಲ್ಲಿ ಪೆಟ್ಟು ತಿಂದ ಹೆಂಗಸು, ಹಳಿಯಾಳದ ಹಳ್ಳಿಯಲ್ಲಾಗಲಿ ದಾಂಡೇಲಿಯ ಕಾರ್ಖಾನೆ ಓಣಿಯಲ್ಲಾಗಲಿ, ಮೊದಲು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ಅಪರೂಪ. ಮೊದಲು ತವರು. ಅಲ್ಲಿಯೂ ಆಸರೆ ಸಿಗದಿದ್ದರೆ ದೇವರ ಮನೆ. ಭಾನುವಾರದ ಪೂಜೆ ಮುಗಿದು ಇಗರ್ಜಿ ಖಾಲಿಯಾದರೂ ಬೆಂಚು ಬಿಟ್ಟು ಏಳದವಳು ಸಿಸ್ಟರ್ ಕಣ್ಣಿಗೆ ಬೀಳುತ್ತಾಳೆ. ಮಠದ ಪ್ರಸಾದದ ಪಂಕ್ತಿಯಲ್ಲಿ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡವಳು ಕೂತಿರುತ್ತಾಳೆ. ಜಮಾತಿನ ಹಿರಿಯರ ಅಂಗಳಕ್ಕೆ ತಾಯಿಯೊಬ್ಬಳು ಮಗಳನ್ನು ಕರೆತಂದಿರುತ್ತಾಳೆ. ಚಹಾ, ಅನ್ನ, ಪ್ರಾರ್ಥನೆ, ಎರಡು ಒಳ್ಳೆಯ ಮಾತು ಎಲ್ಲವೂ ಸಿಗುತ್ತವೆ. ಆಮೇಲೆ ಬರುವುದು ಒಂದೇ ಬುದ್ಧಿವಾದ: "ಮಕ್ಕಳ ಮುಖಾ ನೋಡಿ ಹೊಂದ್ಕೊಂಡ ಹೋಗವ್ವಾ."

ಇಷ್ಟೊಂದು ಸರ್ವಧರ್ಮ ಸಮನ್ವಯ ಬೇರೆ ಯಾವ ವಿಷಯದಲ್ಲೂ ಕಾಣದು.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಹೊಂದಿಕೊಂಡು ಹೋಗುವ ಮದ್ದು ನಾಟುತ್ತಿಲ್ಲ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಹಾಗಂತ ದೇವರ ಮನೆಯ ಈ ಬಾಗಿಲುಗಳನ್ನು ಮುಚ್ಚಿಸಿ ಎನ್ನುವುದು ಅವಿವೇಕ. ನೊಂದ ಹೆಂಗಸರಿಗಾಗಿ ಸರ್ಕಾರ ತೆರೆದ ಸಖಿ ಕೇಂದ್ರ ಇರುವುದು ಜಿಲ್ಲಾ ಕೇಂದ್ರ ಕಾರವಾರದಲ್ಲಿ. ಮುಂಡಗೋಡದಿಂದ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. 2023ರಿಂದ ಸರ್ಕಾರಿ ಬಸ್ ಹೆಂಗಸರಿಗೆ ಪುಕ್ಕಟೆ, ನಿಜ. ಆದರೆ ಉಟ್ಟ ಸೀರೆಯಲ್ಲೇ ಮನೆ ಬಿಟ್ಟವಳು ಅದಕ್ಕೆ ತೋರಿಸಬೇಕಾದ ಆಧಾರ್ ಕಾರ್ಡು ಗಂಡನ ಮನೆಯ ಟ್ರಂಕಿನಲ್ಲಿರುತ್ತದೆ. ನಡೆದು ತಲುಪುವಷ್ಟು ಹತ್ತಿರ ಇರುವುದು ಗುಡಿ, ಇಗರ್ಜಿ, ಮಸೀದಿಗಳೇ. ಆದ್ದರಿಂದ ಅಲ್ಲಿ ಕೂತವರಿಗೆ ಕಾನೂನು ಗೊತ್ತಿರಬೇಕು.

ಕಾನೂನು ಅವರಿಗೆ ಜಾಗವನ್ನೂ ಕೊಟ್ಟಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 10ನೇ ಕಲಮಿನಡಿ ನೋಂದಾಯಿತ ಸೇವಾ ಸಂಸ್ಥೆ, ಅದನ್ನು ನಡೆಸುವವರು ಸನ್ಯಾಸಿನಿಯರಾದರೂ ಸರಿ, ಸರ್ಕಾರದಲ್ಲಿ ಹೆಸರು ಬರೆಸಿಕೊಳ್ಳಬಹುದು. ಆಮೇಲೆ ಸಂತ್ರಸ್ತೆ ಬಯಸಿದರೆ ಅಲ್ಲೇ ಕೂತು ಕೌಟುಂಬಿಕ ಘಟನಾ ವರದಿಯ ಫಾರಂ ತುಂಬಿ ಮ್ಯಾಜಿಸ್ಟ್ರೇಟರಿಗೂ ಸಂರಕ್ಷಣಾಧಿಕಾರಿಗೂ ಕಳಿಸಬಹುದು. ವೈದ್ಯಕೀಯ ತಪಾಸಣೆ ಮಾಡಿಸಬಹುದು. ಸದುದ್ದೇಶದಿಂದ ಮಾಡಿದ ಈ ಕೆಲಸಕ್ಕೆ ಅವರ ಮೇಲೆ ಯಾರೂ ದಾವೆ ಹೂಡುವಂತಿಲ್ಲ. ತಾಲ್ಲೂಕಿನಲ್ಲಿ ಸಂರಕ್ಷಣಾಧಿಕಾರಿ ಎಂದರೆ ಬೇರಾರೂ ಅಲ್ಲ, ಅಂಗನವಾಡಿ ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ). ಹೆಂಗಸು ತಾತ್ಕಾಲಿಕವಾಗಿ ಉಳಿದುಕೊಂಡ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ನ್ಯಾಯಾಲಯ ಏರ್ಪಡಿಸುವ ಆಪ್ತಸಮಾಲೋಚನೆಗೆ 2006ರ ನಿಯಮಗಳು ಹಾಕಿದ ಕಟ್ಟಳೆಯಂತೂ ರಾಜಿ ಪಂಚಾಯ್ತಿ ನಡೆಸುವ ಪ್ರತಿಯೊಬ್ಬ ಹಿರಿಯರೂ ಓದಬೇಕಾದದ್ದು: ಹೊಡೆದದ್ದಕ್ಕೆ ಗಂಡ ಕೊಡುವ ಯಾವ ಸಮರ್ಥನೆಯನ್ನೂ ಅಲ್ಲಿ ಕೇಳಿಸಿಕೊಳ್ಳುವಂತಿಲ್ಲ. "ಸಾರಿಗೆ ಉಪ್ಪು ಜಾಸ್ತಿ ಆಗಿತ್ತು" ಎಂಬಲ್ಲಿಂದಲೇ ಶುರುವಾಗುವ ನಮ್ಮ ಪಂಚಾಯ್ತಿಗಳು ಇದನ್ನು ಪಾಲಿಸಿದರೆ ಅರ್ಧ ಗಂಟೆಯಲ್ಲಿ ಮುಗಿದಾವು.

ಈ ಸೀಮೆಗೆ ಈ ಕಾಯ್ದೆ ಒಪ್ಪುವುದಕ್ಕೆ ಇನ್ನೊಂದು ಕಾರಣವಿದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹಳಿಯಾಳ, ಮುಂಡಗೋಡದ ಕಾಡು ಸೇರಿದವರ ಪೀಳಿಗೆಯಾದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಮದುವೆ, ವಿಚ್ಛೇದನದ ಕಾನೂನು ಧರ್ಮಕ್ಕೊಂದು ಬಗೆ. ಕ್ರೈಸ್ತ ಹೆಂಡತಿಗೆ ಕ್ರೌರ್ಯವೊಂದನ್ನೇ ತೋರಿಸಿ ವಿಚ್ಛೇದನ ಕೇಳುವ ಹಕ್ಕು ಬಂದದ್ದೇ 2001ರಲ್ಲಿ. ಕೌಟುಂಬಿಕ ಹಿಂಸೆ ಕಾಯ್ದೆ ಮಾತ್ರ ಮೂವರಿಗೂ ಒಂದೇ.

ಈ ಕೆಲಸ ಹೊರಬಲ್ಲ ಧಾರ್ಮಿಕ ಸಂಸ್ಥೆಗಳಿಗೂ ಇಲ್ಲಿ ಕೊರತೆಯಿಲ್ಲ. ಮುಂಡಗೋಡದಲ್ಲಿ ಜೆಸ್ವಿಟರ ಲೊಯೋಲ ವಿಕಾಸ ಕೇಂದ್ರವಿದೆ. ಧರ್ಮಸ್ಥಳ ಯೋಜನೆಯ ಸ್ವಸಹಾಯ ಸಂಘಗಳು, ಮದ್ಯವರ್ಜನ ಶಿಬಿರಗಳು ರಾಜ್ಯದಾದ್ಯಂತ ಹಬ್ಬಿವೆ. ಕುಡಿತ ಬಿಡಿಸುವುದು ದೊಡ್ಡ ಕೆಲಸವೇ, ಆದರೆ ಕುಡಿಯದೆಯೂ ಹೊಡೆಯುವವರಿದ್ದಾರಲ್ಲ. ಕ್ಯಾಥೊಲಿಕ್ ಬಿಷಪರ ಒಕ್ಕೂಟ 2010ರಲ್ಲೇ ಲಿಂಗ ಸಮಾನತೆಯ ನೀತಿಯೊಂದನ್ನು ತಂದಿತು; ಅದು ಹಳ್ಳಿಯ ಪ್ರವಚನಪೀಠದ ತನಕ ಇಳಿಯಬೇಕು. ನ್ಯಾಯ ಹೇಳುವ ಕುರ್ಚಿಯಲ್ಲಿ ಹೆಂಗಸರೂ ಕೂರಬೇಕು. ಇದೇನು ಆಗದ ಮಾತಲ್ಲ: ಟಿಬೆಟನ್ ಬೌದ್ಧ ತತ್ವಶಾಸ್ತ್ರದ ಅತ್ಯುನ್ನತ ಪದವಿ, ಶತಮಾನಗಳ ಕಾಲ ಭಿಕ್ಷುಗಳಿಗಷ್ಟೇ ಮೀಸಲಾಗಿದ್ದದ್ದು, 2016ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ 20 ಟಿಬೆಟನ್ ಭಿಕ್ಷುಣಿಯರಿಗೆ ಸಿಕ್ಕಿದ್ದು ಇದೇ ಮುಂಡಗೋಡದ ಡ್ರೆಪುಂಗ್ ಮಠದಲ್ಲಿ.

ಇನ್ನು ಜೋಯಿಡಾ ತಾಲ್ಲೂಕಿನ ಉಳವಿ. ಕಲ್ಯಾಣದಲ್ಲಿ ರಕ್ತಪಾತವಾದಾಗ ಚನ್ನಬಸವಣ್ಣನ ಜೊತೆ ಶರಣರು ಜೀವ ಉಳಿಸಿಕೊಳ್ಳಲು ಬಂದು ಸೇರಿದ ನೆಲ ಇದೆಂಬ ನಂಬಿಕೆ. ಚನ್ನಬಸವಣ್ಣನ ತಾಯಿ ಅಕ್ಕನಾಗಮ್ಮನ ಹೆಸರಿನ ಗವಿ ಅಲ್ಲಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಕುಟುಂಬಗಳು ಚಕ್ಕಡಿ ಕಟ್ಟಿಕೊಂಡು ಬರುತ್ತವೆ, ದಿನಗಟ್ಟಲೆ ಬೀಡು ಬಿಡುತ್ತವೆ. ಅಷ್ಟು ಹೆಂಗಸರು ಗಂಡನ ಮನೆಯ ಹೊಸ್ತಿಲು ದಾಟಿ ಒಂದೆಡೆ ಸೇರುವ ಸಂದರ್ಭ ವರ್ಷದಲ್ಲಿ ಅಪರೂಪ. ದಾಸೋಹದ ಚಪ್ಪರದ ಪಕ್ಕ ಸಿಡಿಪಿಒ ಕಚೇರಿಯವರಿಗೊಂದು ಮೇಜು, ಸಹಾಯವಾಣಿ 181ರ ಫಲಕ, ಒಂದು ಕಟ್ಟು ಫಾರಂ ಇಡಿಸಲು ಜಾತ್ರಾ ಸಮಿತಿಗೆ ಖರ್ಚೇನೂ ಬಾರದು.