ಎಲ್ಲಿ ಕುಳಿತರೇನು?

"ಅಮ್ಮಾ, ಕಂಪನಿಯವರು ಎಲ್ಲಿ ಕುಳಿತಾದರೂ ಕೆಲಸ ಮಾಡು ಅಂದಿದ್ದಾರೆ. ಬಾಡಿಗೆ ಉಳಿಯುತ್ತೆ, ಡಲ್ಲಾಸಿನ ಗೆಳತಿ ಮನೆಗೆ ಹೋಗ್ತೀನಿ" ಎಂದು ಅಮೆರಿಕದಿಂದ ಮಗಳು ಹೇಳಿದಾಗ, "ಒಳ್ಳೇದೇ ಆಯ್ತು ಬಿಡೇ" ಎಂದವಳು ನಾನೇ. ಎರಡು ತಿಂಗಳ ಮೇಲೆ ಅವಳ ಕಾಲೇಜಿನ ಅಧಿಕಾರಿ ವಿಚಾರಿಸಿದಾಗ ತಿಳಿಯಿತು, ಹೊಸ ವಿಳಾಸ ಎಲ್ಲೂ ದಾಖಲಾಗಿರಲಿಲ್ಲ. ಅವರು ತಿದ್ದಿಕೊಟ್ಟರು. ಆದರೆ ಆ ಒಂದು ವಾರ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

"ಓದಿದ ಹುಡುಗಿ, ಇಷ್ಟೂ ತಿಳಿಯಬೇಡವೆ?" ಎಂದರು ನೆರೆಯವರು. ನನಗೆ ಸಿಟ್ಟು ಬಂದದ್ದು ಆಗಲೇ.

ಅಲ್ಲಿ ಓದು ಮುಗಿಸಿದವರಿಗೆ ವಿದ್ಯಾರ್ಥಿ ವೀಸಾದ ಮೇಲೆಯೇ 12 ತಿಂಗಳು ದುಡಿಯಲು ಅವಕಾಶವುಂಟು. ಅದಕ್ಕೆ ಓಪಿಟಿ ಎನ್ನುತ್ತಾರೆ. ವಿಜ್ಞಾನ, ಎಂಜಿನಿಯರಿಂಗ್ ಓದಿದವರಿಗೆ ಮತ್ತೆ 24 ತಿಂಗಳು. ಮನೆ ಬದಲಾದರೆ 10 ದಿನದೊಳಗೆ ತಿಳಿಸಬೇಕು. ಆ 24 ತಿಂಗಳಿಗೆ ಐ-983 ಎಂಬ ತರಬೇತಿ ಯೋಜನೆಯ ಪತ್ರವಿದೆ. ಕೆಲಸದಲ್ಲಿ ಮುಖ್ಯ ಬದಲಾವಣೆಯಾದರೆ ಅದನ್ನೂ ತಿದ್ದಿ ಕಾಲೇಜಿಗೆ ಕೊಡಬೇಕು.

ನಿಯಮ ಬೇಡವೆನ್ನುವವಳು ನಾನಲ್ಲ. ಜೀವಮಾನವೆಲ್ಲ ಹಾಜರಿ ಪುಸ್ತಕ ಬರೆದವಳು. ಮಗು ಶಾಲೆ ಬಿಟ್ಟರೆ ಟಿ.ಸಿ. ಬೇಕೇ ಬೇಕು. ಆದರೆ ಟಿ.ಸಿ. ಬರೆಯುವುದು ಶಾಲೆ, ಮಗುವಲ್ಲ! ಐ-983ಕ್ಕೆ ಕಂಪನಿಯೂ ಸಹಿ ಹಾಕಿರುತ್ತದೆ. ಹಾಗಿದ್ದೂ "ಎಲ್ಲಾದರೂ ಕುಳಿತುಕೋ" ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವವರು, "ಹೋಗುವ ಮೊದಲು ಕಾಲೇಜಿಗೆ ತಿಳಿಸು" ಎಂದು ಇನ್ನೊಂದು ಸಾಲು ಸೇರಿಸಿದ್ದರೆ ಗಂಟೇನು ಹೋಗುತ್ತಿತ್ತು? ತಪ್ಪಿದರೆ ಕಂಪನಿ ಇದ್ದಲ್ಲೇ ಇರುತ್ತದೆ. ಗಂಟುಮೂಟೆ ಕಟ್ಟಬೇಕಾದವಳು ಹುಡುಗಿ.

"ಅಷ್ಟಕ್ಕೆಲ್ಲ ಯಾರು ಕಳಿಸುತ್ತಾರೆ?" ಎನ್ನುವವರು 2025ರ ಏಪ್ರಿಲ್ ನೆನೆಯಲಿ. ಸಾವಿರಾರು ವಿದ್ಯಾರ್ಥಿಗಳ ದಾಖಲೆಗಳು ಒಮ್ಮೆಲೇ ರದ್ದಾದವು. ಅದು ವಿಳಾಸದ ಕಾರಣಕ್ಕಲ್ಲ, ನಿಜ. ಹಲವರು ನ್ಯಾಯಾಲಯಕ್ಕೆ ಹೋದ ಮೇಲೆ ಸರ್ಕಾರ ಅವನ್ನು ಮರಳಿ ಸೇರಿಸಿತು. ಆ ದಾಖಲೆಯ ನೂಲು ಎಷ್ಟು ತೆಳುವೆಂದು ತಿಳಿಯಲು ಅಷ್ಟು ಸಾಲದೆ?

ತಾಯಂದಿರೇ, ನಮ್ಮ ಪಾಲೂ ಇದೆ. "ಹೇಗೂ ಮನೆಯಿಂದಲೇ ಕೆಲಸ, ಎರಡು ತಿಂಗಳು ಊರಿಗೆ ಬಂದು ಇಲ್ಲೇ ಮಾಡು" ಎಂದು ಮಕ್ಕಳನ್ನು ಕಾಡುವವರು ನಾವೇ. ಕಾಲೇಜನ್ನು ಕೇಳದೆ ಟಿಕೆಟ್ ತೆಗೆಸಬೇಡಿ. ಬಾಡಿಗೆ ಉಳಿಸಿದ ಜಾಣ್ಮೆಯನ್ನು ಮೆಚ್ಚುವ ಮೊದಲು ಕಾಗದ ಕೇಳಿ.

ಈಗ ನಾನು ಫೋನಿನಲ್ಲಿ "ಊಟ ಆಯ್ತಾ?" ಎಂದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: "ವಿಳಾಸ ಬರೆಸಿದ್ದೀಯಾ?" ಮಗಳು ನಗುತ್ತಾಳೆ. ನಗಲಿ, ಅಲ್ಲೇ ಇದ್ದು ನಗಲಿ.